ಗಿಡಗ ತಿಂದೈತಿ, ಕೊಂದಿಲ್ಲ

ಇಲ್ಲಿ ಬರೆಯದೆ ಬಹಳ ದಿನಗಳಾದವು. ದೀಪಾವಳಿಗೆ ಕೌಜಲಗಿಗೆ ಹೋಗಿ ಬಂದಾಗಿನಿಂದ ಒಂದು ಹಳೆಯ ಸಂಗತಿ ತಲೆ ಕೊರೀತಾ ಇದೆ. ಬರೆದು ಹಾಕಿದರೆ ಬಿಟ್ಟುಹೋಗಬಹುದು ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ಚಹಾ ಮಾಡಿಕೊಂಡು ಬನ್ನಿ.

ಮೊದಲು ಊರಿನ ಹೆಸರು. ಕೌಜಲಗಿ ಅಂದಕೂಡಲೇ ನನ್ನ ಬೆಂಗಳೂರಿನ ಗೆಳೆಯನೊಬ್ಬ "ಕೌಜುಗದ ಊರಾ?" ಅಂತ ಕೇಳಿದ್ದ. ಕೌಜುಗ ಗೊತ್ತಲ್ಲ, ಗೌಜಲಹಕ್ಕಿ ಅಂತಲೂ ಅಂತಾರೆ. ಬೂದುಗಂದು ಬಣ್ಣದ, ಹಾರುವುದಕ್ಕಿಂತ ಓಡುವುದೇ ಹೆಚ್ಚು ಅನ್ನುವಂಥ ಗುಂಡಗಿನ ಹಕ್ಕಿ. ಬೆಳಗಿನ ಜಾವ ಒಂದು ಬದುವಿನಿಂದ ಕೂಗಿದರೆ ನಾಲ್ಕು ಹೊಲದಾಚೆಯಿಂದ ಇನ್ನೊಂದು ಉತ್ತರ ಕೊಡುತ್ತದೆ. ಊರಿನ ಹೆಸರು ಈ ಹಕ್ಕಿಯಿಂದಲೇ ಬಂತು ಅಂತ ಸಾಧಿಸಲು ನಾನು ಹೊರಟಿಲ್ಲ, ಸ್ಥಳನಾಮದ ಪಂಡಿತರು ಬಂದು ಬೈದಾರು. ಆದರೆ ಹೆಸರಿನಲ್ಲಿ ಆ ಸದ್ದು ಇದೆ, ಸಣ್ಣವನಿದ್ದಾಗ ಹೊಲದಲ್ಲಿ ಆ ಹಕ್ಕಿಯೂ ಬೇಕಾದಷ್ಟಿತ್ತು. ನನಗೆ ಅಷ್ಟು ಸಾಕು.

ಈ ಸಲ ಹೊಲಕ್ಕೆ ಹೋದಾಗ ಬದುವಿನ ಮೇಲೆ ಒಂದು ಹಿಡಿ ಪುಕ್ಕ ಬಿದ್ದಿತ್ತು. ಕೌಜುಗದ್ದೇ. ಕಂದು ಅಡ್ಡಗೀರುಗಳು ಸ್ಪಷ್ಟವಾಗಿದ್ದವು. ಜೊತೆಗಿದ್ದ ತಮ್ಮ ನೋಡಿದವನೇ "ಬೆಕ್ಕ" ಅಂದ. ಕಬ್ಬಿನ ಗದ್ದೆಯಲ್ಲಿ ಈಗ ಕಾಡುಬೆಕ್ಕು ಜಾಸ್ತಿಯಾಗಿವೆಯಂತೆ. ಇರಬಹುದು. ಆದರೆ ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಪುಕ್ಕ ತಿರುವಿ ನೋಡತೊಡಗಿದೆ. ಅದನ್ನು ನನಗೆ ಕಲಿಸಿದವನು ಯಾವ ಪಕ್ಷಿತಜ್ಞನೂ ಅಲ್ಲ. ಅವನ ಹೆಸರೂ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತ ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

1984ರ ಹಿಂಗಾರಿ ಬಿತ್ತನೆ ಕಾಲ. ನಮ್ಮ ಮುತ್ಯಾ (ಅಜ್ಜ) ಒಂದು ಕೌಜುಗ ಸಾಕಿದ್ದ. 1972ರ ವನ್ಯಜೀವಿ ಕಾಯ್ದೆ ಬಂದು ಹನ್ನೆರಡು ವರ್ಷವಾಗಿತ್ತು, ಸಾಕುವಂತಿರಲಿಲ್ಲ. ಆದರೆ ಕಾಯ್ದೆಗೂ ನಮ್ಮ ಓಣಿಗೂ ಆಗ ಪರಿಚಯವಿರಲಿಲ್ಲ. ಮರಿಯಿಂದ ಸಾಕಿದ ಕೌಜುಗ ನಾಯಿಮರಿಯ ಹಾಗೆ ಹಿಂದೆ ಹಿಂದೆ ಓಡಿಬರುತ್ತದೆ. ಮುತ್ಯಾ ಹೊಲಕ್ಕೆ ಹೊರಟರೆ ಅದೂ ಹೊರಟಿತು. ಒಂದು ಸಂಜೆ ಬರಲಿಲ್ಲ. ಕಣದಲ್ಲಿ ಬುಟ್ಟಿಯ ಕೆಳಗೆ ಮುಚ್ಚಿಟ್ಟಿದ್ದೆ ಅಂತ ಚಿಕ್ಕಪ್ಪ, ಮುಚ್ಚಿರಲಿಲ್ಲ ಅಂತ ಆಳುಮಗ. ಹಳ್ಳದಾಚೆ ನಾಲ್ಕು ದಿನದಿಂದ ಹರಣಶಿಕಾರಿಗಳ ಬಿಡಾರ ಬಿದ್ದಿತ್ತು. ಮುಂದೆ ಯಾರೂ ಯೋಚನೆ ಮಾಡಲಿಲ್ಲ. ಮೂರ್ನಾಲ್ಕು ಜನ ಬಡಿಗೆ ಹಿಡಿದು ಹೋದರು, ಬಿಡಾರ ಜಾಲಾಡಿದರು, ಗಡಿಗೆ ಒಡೆದರು. ಹಕ್ಕಿ ಸಿಗಲಿಲ್ಲ. ತಿಂದು ಹಾಕಿದಾರೆ ಅಂತ ತೀರ್ಮಾನಿಸಿ ವಾಪಸು ಬಂದರು.

ಮರುದಿನ ಬೆಳಿಗ್ಗೆ ಆ ಬಿಡಾರದ ಒಬ್ಬ ಮುದುಕ ತಾನಾಗಿಯೇ ನಮ್ಮ ಕಣಕ್ಕೆ ಬಂದ. ತಲೆಗೆ ಮಾಸಿದ ಕೆಂಪು ರುಮಾಲು. ಹಿಂದಿನ ರಾತ್ರಿಯ ಮಾತನ್ನು ಎತ್ತಲೇ ಇಲ್ಲ. "ಸಾವಕಾರ್ರ, ನಿಮ್ಮ ಹಕ್ಕಿ ಸಿಕ್ಕೈತಿ ಬರ್ರಿ" ಅಂದ. ಜಾಲಿಗಿಡದ ಕೆಳಗೆ ಪುಕ್ಕಗಳು ಒಂದು ಉಂಗುರದ ಹಾಗೆ ಹರಡಿದ್ದವು. ನಡುವೆ ಎರಡು ರೆಕ್ಕೆ, ಎದೆಮೂಳೆ, ಕೆಂಪಗಿನ ಕಾಲು. ಪಕ್ಕದ ಕಲ್ಲಿನ ಮೇಲೆ ಸುಣ್ಣ ಎರಚಿದಂತೆ ಹಿಕ್ಕೆ.

ಮುತ್ಯಾ "ಗಿಡಗ ಕೊಂದೈತಿ ಹಂಗಾರ" ಅಂದ. ದನಿಯಲ್ಲಿ ಸ್ವಲ್ಪ ನಾಚಿಕೆ ಇತ್ತೇನೋ, ಅಥವಾ ಇತ್ತು ಅಂತ ನಾನು ಈಗ ಅಂದುಕೊಳ್ಳುತ್ತಿದ್ದೇನೋ.

ಮುದುಕ ಒಂದು ಪುಕ್ಕ ಎತ್ತಿ ಬುಡ ತೋರಿಸಿದ. ದಂಟಿನ ತುದಿಗೆ ಚೂರು ಮಾಂಸ ಅಂಟಿಕೊಂಡು ಒಣಗಿತ್ತು. ಇನ್ನೊಂದು ಎತ್ತಿದ, ಅದೂ ಹಾಗೇ. "ಗಿಡಗ ತಿಂದೈತ್ರಿ, ಕೊಂದಿಲ್ರಿ. ಬೆಚ್ಚಗಿದ್ದಾಗ ಹಿರದರ ಪುಕ್ಕ ಸಲೀಸ ಬರತೈತಿ. ಇದು ತಣ್ಣಗಾದಮ್ಯಾಲ ಹಿರದದ್ದು." ಆಮೇಲೆ ಕಡ್ಡಿಯಿಂದ ಮಣ್ಣು ಕೆದಕಿ ಒಣಗಿದ ಚೀಲದಂಥದ್ದನ್ನು ಹೊರಳಿಸಿದ. ಹಕ್ಕಿ ಕಾಳು ತುಂಬಿಕೊಳ್ಳುವ ಗಂಟಲಚೀಲ. ಗಿಡುಗ ಅದನ್ನು ಬಿಟ್ಟು ಹೋಗಿತ್ತು. ಒಳಗೆ ಜೋಳ. ಗುಲಾಬಿ ಬಣ್ಣದ ಜೋಳ.

ಆ ಬಣ್ಣ ನಮ್ಮ ಮನೆಯದು. ಬಿತ್ತನೆಗೆ ಅಂತ ಔಷಧಿ ಹಚ್ಚಿ ಕಣದಲ್ಲಿ ಆರಹಾಕಿದ್ದ ಬೀಜ.

ಮುದುಕ ಆಕಾಶದ ಕಡೆ ನೋಡಿ, "ಇನ್ನ ಆ ಗಿಡಗ ಎಲ್ಲಿ ಬಿದ್ದೈತೋ ಏನೋ" ಅಂದ. ಮುತ್ಯಾ ಅವನಿಗೆ ಎರಡು ಸೇರು ಜೋಳ ಕೊಡಿಸಿದ. ಬಿತ್ತನೆ ಜೋಳವಲ್ಲ, ತಿನ್ನುವ ಜೋಳ. ಗಡಿಗೆಯ ವಿಷಯ ಯಾರೂ ಮಾತಾಡಲಿಲ್ಲ. ಎರಡು ದಿನಕ್ಕೆ ಬಿಡಾರ ಎದ್ದಿತು.

'ಕರ್ವಾಲೊ' ಓದಿದವರಿಗೆ ಇಲ್ಲಿ ಮಂದಣ್ಣ ನೆನಪಾಗಬಹುದು. ನನಗೂ ಆಮೇಲೆ ಓದುವಾಗ ಈ ಮುದುಕನೇ ನೆನಪಾಗಿದ್ದ. ಆದರೆ ಮಂದಣ್ಣನಿಗೆ ಒಬ್ಬ ಕರ್ವಾಲೊ ಸಿಕ್ಕಿದ್ದರು.

ಈಗ ಕುರುಹುಗಳ ಮಾತು. ಆ ಮುದುಕ ಹೇಳಿದ್ದು ಹೊರದೇಶದ ವನ್ಯಜೀವಿ ಕೈಪಿಡಿಗಳಲ್ಲಿ ಹೆಚ್ಚುಕಮ್ಮಿ ಅದೇ ಮಾತಿನಲ್ಲಿ ಇದೆ. ಪುಕ್ಕದ ಬುಡ ನುಣ್ಣಗೆ, ಸ್ವಚ್ಛವಾಗಿದ್ದರೆ ಸತ್ತ ಕೂಡಲೇ ಕಿತ್ತದ್ದು. ಮಾಂಸದ ಚೂರು ಅಂಟಿದ್ದರೆ ತಣ್ಣಗಾದ ಮೇಲೆ ಕಿತ್ತದ್ದು, ಅಂದರೆ ಬೇರೆ ಯಾವುದರಿಂದಲೋ ಸತ್ತದ್ದನ್ನು ಗಿಡುಗ ಬಂದು ತಿಂದಿರಬಹುದು. ಗಿಡುಗ, ಡೇಗೆಗಳು ಒಂದೇ ಕಡೆ ಕೂತು ಪುಕ್ಕ ಹಿರಿಯುತ್ತವೆ, ಅದಕ್ಕೇ ಆ ಉಂಗುರ. ಗರಿ ಇಡಿಯಾಗಿ ಬರುತ್ತದೆ, ದಂಟಿನ ಮೇಲೆ ಕೊಕ್ಕು ಒತ್ತಿದ ಸಣ್ಣ ಗುರುತು ಇರುತ್ತದೆ. ಎದೆಯ ನಡುವಿನ ತೆಳು ಮೂಳೆಯ ಅಂಚನ್ನು ಡೇಗೆ ಕಚ್ಚಿ ಕಚ್ಚಿ ಗರಗಸದ ಹಲ್ಲಿನ ಹಾಗೆ ಮಾಡಿರುತ್ತದೆ. ಬೆಕ್ಕು, ನರಿ, ನಾಯಿ ಆದರೆ ಹಾಗಲ್ಲ. ಅವು ಹಲ್ಲಿನಿಂದ ಕತ್ತರಿಸುತ್ತವೆ. ಗರಿಗಳ ದಂಟು ನಡುವೆಯೇ ತುಂಡಾಗಿ, ಜೊಲ್ಲು ಹತ್ತಿ ನಾಲ್ಕೈದು ಒಟ್ಟಿಗೆ ಅಂಟಿಕೊಂಡಿರುತ್ತವೆ. ನರಿಗೆ ಅಲ್ಲೇ ಕೂತು ಊಟ ಮಾಡುವ ಪುರುಸೊತ್ತಿಲ್ಲ, ಎತ್ತಿಕೊಂಡು ಹೋಗುತ್ತದೆ, ಹೆಚ್ಚಾದರೆ ಹೂತಿಡುತ್ತದೆ. ಗೂಬೆ ಅನೇಕ ಸಲ ತಲೆಯನ್ನೇ ಮೊದಲು ಕೀಳುತ್ತದೆ. ಹಾವು ನುಂಗಿದರೆ ಹುಡುಕಲಿಕ್ಕೆ ಏನೂ ಉಳಿಯುವುದಿಲ್ಲ, ಆ ಕೇಸು ಅಲ್ಲಿಗೇ ಮುಚ್ಚಿತು :)

ಇಷ್ಟನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಕಷ್ಟ ಇರುವುದು ಮುಂದಿನ ಮೆಟ್ಟಿಲಲ್ಲಿ. ತಿಂದವನು ಯಾರು ಅನ್ನುವುದನ್ನು ಪುಕ್ಕ ಹೇಳುತ್ತದೆ. ಕೊಂದವನು ಯಾರು ಅನ್ನುವುದಕ್ಕೆ ಚರ್ಮ ಸುಲಿದು ನೋಡಬೇಕು. ಜೀವ ಇದ್ದಾಗ ಹಲ್ಲೋ ಉಗುರೋ ಇಳಿದಿದ್ದರೆ ಆ ತೂತಿನ ಸುತ್ತ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗಿರುತ್ತದೆ. ಸತ್ತ ಮೇಲೆ ಕಚ್ಚಿದರೆ ಆ ಕಪ್ಪು ಬರುವುದಿಲ್ಲ, ಯಾಕಂದರೆ ರಕ್ತ ಆಗ ಓಡುತ್ತಿರುವುದಿಲ್ಲ. ಇದನ್ನು ನೋಡದೆ ಹೆಣದ ಪಕ್ಕ ಸಿಕ್ಕವನನ್ನೇ ಕೊಲೆಗಾರ ಅಂದದ್ದರ ಚರಿತ್ರೆ ಬಹಳ ಉದ್ದ ಇದೆ.

ನಮ್ಮ ಸೀಮೆಯಲ್ಲಿ ಹಕ್ಕಿಯ ಬೇಟೆ ಹೊಸದಲ್ಲ. 12ನೆಯ ಶತಮಾನದ ಮೊದಲರ್ಧದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಬರೆಸಿದ. ರಾಜನ ವಿನೋದಗಳ ಭಾಗದಲ್ಲಿ ಲಾವುಗೆಗಳ ಕಾಳಗಕ್ಕೂ ಜಾಗ ಇದೆ, ಗಿಡುಗ ಬಿಟ್ಟು ಹಕ್ಕಿ ಹಿಡಿಸುವುದಕ್ಕೂ ಜಾಗ ಇದೆ. ಗೋಕಾಕದ ಸುತ್ತಿನ ನೆಲ ಆಗ ರಟ್ಟರ ಕುಂಡಿ ಮೂರುಸಾವಿರ ನಾಡು, ಚಾಲುಕ್ಯರ ಕೈಕೆಳಗಿನದು. ಆ ಗಿಡುಗಗಳನ್ನು ಹಿಡಿದು ತರುತ್ತಿದ್ದವರು, ಪಳಗಿಸುತ್ತಿದ್ದವರು ಯಾರಾದರೂ ಇದ್ದೇ ಇರಬೇಕಲ್ಲ. ಹೆಸರು ಮಾತ್ರ ದೊರೆಯದು ಉಳಿಯಿತು.

ಆಮೇಲೆ ನೇರವಾಗಿ ಇಂಗ್ಲಿಷರ ಕಾಲಕ್ಕೆ ಬರುತ್ತೇನೆ, ನಡುವಿನದು ನನ್ನ ಅಳವಿಗೆ ಮೀರಿದ್ದು. ಬೆಳಗಾವಿ ದಂಡಿನಲ್ಲಿದ್ದ ಕ್ಯಾಪ್ಟನ್ ಬಟ್ಲರ್ ಅನ್ನುವ ಸೈನ್ಯಾಧಿಕಾರಿ 1881ರಲ್ಲಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯೊಂದನ್ನು 'ಸ್ಟ್ರೇ ಫೆದರ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ. ಆ ಪತ್ರಿಕೆ ನಡೆಸುತ್ತಿದ್ದವನು ಅಲನ್ ಆಕ್ಟೇವಿಯನ್ ಹ್ಯೂಮ್. ಮಾರ್ಷಲ್ ಜೊತೆ ಸೇರಿ ಹಿಂದುಸ್ತಾನದ ಶಿಕಾರಿ ಹಕ್ಕಿಗಳ ಮೇಲೆ ಮೂರು ಸಂಪುಟ ತಂದವನೂ ಅವನೇ, 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದವನೂ ಅವನೇ. ಮುಂದೆ ಅದೇ ಕಾಂಗ್ರೆಸ್ಸಿನಲ್ಲಿ ಕೌಜಲಗಿ ಅಡ್ಡಹೆಸರಿನ ಶ್ರೀನಿವಾಸರಾಯರು, ಹನುಮಂತರಾಯರು ದುಡಿದರು. ಕೌಜುಗ ಎಲ್ಲಿಂದ ಎಲ್ಲಿಗೆ ಬಂತು ನೋಡಿ! (ವಿಷಯಾಂತರ, ಕ್ಷಮಿಸಿ.)

ಇಂಗ್ಲಿಷರಿಗೆ ಪ್ರಾಣಿ ಪಕ್ಷಿಗಳಲ್ಲಿ ಎರಡು ಜಾತಿ. ಶಿಕಾರಿಗೆ ಯೋಗ್ಯವಾದವು, ಆ ಶಿಕಾರಿಯನ್ನು ಕದಿಯುವವು. ಕೌಜುಗ, ಲಾವುಗೆ, ಎರೆಭೂತ ಮೊದಲನೆಯ ಗುಂಪು. 1912ರ ಕಾಯ್ದೆ ಇಂಥವುಗಳಿಗೆ ಬೇಟೆ ನಿಷೇಧದ ತಿಂಗಳುಗಳನ್ನು ಗೊತ್ತು ಮಾಡುವ ಅಧಿಕಾರ ಕೊಟ್ಟಿತು. ಎರಡನೆಯ ಗುಂಪಿನ ಹೆಸರು ಪೀಡೆ. ತೋಳ ಕೊಂದರೆ ಇನಾಮು ಇತ್ತು. ಈ ಪೀಡೆ ಅನ್ನುವ ಪಟ್ಟಿ ಸ್ವತಂತ್ರ ಭಾರತದ ಕಾಯ್ದೆಯಲ್ಲೂ ಮುಂದುವರಿಯಿತು. ನಮ್ಮ ಪಿತೃಪಕ್ಷದ ಕಾಗೆ 2022ರ ತಿದ್ದುಪಡಿಯವರೆಗೂ ಅದರಲ್ಲಿತ್ತು.

ಮನುಷ್ಯರಿಗೂ ಅಂಥದ್ದೇ ಪಟ್ಟಿ ಬಂತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮೊದಲು ಉತ್ತರ ಭಾರತಕ್ಕಿತ್ತು. 1911ರ ಹೊಸ ಕಾಯ್ದೆ ಮುಂಬಯಿ ಪ್ರಾಂತಕ್ಕೂ ಬಂತು, ಅಂದರೆ ನಮಗೂ ಬಂತು. ವಿಜಾಪುರ, ಹುಬ್ಬಳ್ಳಿ, ಗದಗಿನಲ್ಲಿ ಸೆಟ್ಲಮೆಂಟುಗಳಾದವು. ಪಾರ್ಧಿಗಳು, ಹರಣಶಿಕಾರಿಗಳು ಅನ್ನುವ ಹೆಸರಿನ ಜನ ಯಾರು? ಮನೆಯಲ್ಲಿ ಗುಜರಾತಿಗೆ ಹತ್ತಿರದ ವಾಗ್ರಿ ಮಾತಾಡುವವರು, ಉರುಲು ಕಟ್ಟಿ ಕೌಜುಗ, ಬುರ್ಲಿ ಹಿಡಿದು ಮಾರಿ ಬದುಕುವವರು. ಫಾಸೆ ಪಾರ್ಧಿ ಅನ್ನುವಲ್ಲಿನ ಫಾಸೆ ಅಂದರೇ ಉರುಲು. ಹಕ್ಕಿ ಯಾವ ಬದುವಿನಲ್ಲಿ ಮಲಗುತ್ತದೆ, ರಾತ್ರಿ ಅದನ್ನು ಯಾರು ಒಯ್ದರು ಅಂತ ನೆಲ ನೋಡಿ ಓದದಿದ್ದರೆ ಅವರಿಗೆ ಅವತ್ತು ಊಟವಿಲ್ಲ. ಈ ವಿದ್ಯೆ ಯಾರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತೋ ಅವರನ್ನೇ, ಹುಟ್ಟಿನಿಂದಲೇ ಅಪರಾಧಿಗಳು ಅಂತ ಬರೆದಿಟ್ಟದ್ದು. 1952ರ ಆಗಸ್ಟಿನಲ್ಲಿ ಆ ಕಾಯ್ದೆ ಹೋಯಿತು. 1961ರಲ್ಲಿ ನಮ್ಮ ರಾಜ್ಯದಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. 1984ರಲ್ಲಿ ಬಡಿಗೆ ಹಿಡಿದು ಹೊರಟ ನಮ್ಮ ಚಿಕ್ಕಪ್ಪನಿಗೆ ಇದ್ಯಾವ ಇಸವಿಯೂ ಗೊತ್ತಿರಲಿಲ್ಲ. ಆದರೂ ಯಾವ ಕಡೆ ಹೋಗಬೇಕು ಅಂತ ಗೊತ್ತಿತ್ತು.

ಇನ್ನು ಸ್ವಲ್ಪ ದೂರ ಹೋಗೋಣ. ಇಂಗ್ಲೆಂಡ್, ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಗ್ರೌಸ್ ಅಂತ ಒಂದು ಹಕ್ಕಿ. ನಮ್ಮ ಕೌಜುಗದ ದೂರದ ನೆಂಟ, ಅಲ್ಲಿನ ಜಮೀನ್ದಾರರಿಗೆ ಶಿಕಾರಿಯ ಹಕ್ಕಿ. ಅದನ್ನು ಕಾಯಲಿಕ್ಕೆ ಸಂಬಳದ ಕಾವಲುಗಾರರು. ಅವರು ಗಿಡುಗ, ನರಿ ಕಂಡಲ್ಲಿ ಕೊಲ್ಲುತ್ತಿದ್ದರು. ಆದರೂ ಕೆಲವು ವರ್ಷ ಗ್ರೌಸ್ ರಾಶಿ ರಾಶಿ ಸಾಯುತ್ತಿದ್ದವು. 1905ರಲ್ಲಿ ಲಾರ್ಡ್ ಲೊವಾಟ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಆಯಿತು. ಬೆಟ್ಟ ಸುತ್ತಿ ಸತ್ತ ಹಕ್ಕಿಗಳನ್ನು ಕುಯ್ದು ನೋಡುವ ಕೆಲಸ ಎಡ್ವರ್ಡ್ ವಿಲ್ಸನ್ ಅನ್ನುವ ವೈದ್ಯನಿಗೆ ಬಿತ್ತು. ಸುಮಾರು ಎರಡು ಸಾವಿರ ಹಕ್ಕಿ ಕುಯ್ದನಂತೆ. ಸಿಕ್ಕ ಅಪರಾಧಿ ಕರುಳಿನಲ್ಲಿದ್ದ ಕೂದಲೆಳೆಯಂಥ ಹುಳು. ವರದಿ 1911ರಲ್ಲಿ ಅಚ್ಚಾದಾಗ ವಿಲ್ಸನ್ ಊರಲ್ಲಿರಲಿಲ್ಲ, ಸ್ಕಾಟ್ ಜೊತೆ ಅಂಟಾರ್ಕ್ಟಿಕಕ್ಕೆ ಹೋಗಿದ್ದ. 1912ರ ಮಾರ್ಚಿನಲ್ಲಿ ದಕ್ಷಿಣಧ್ರುವದಿಂದ ಹಿಂತಿರುಗುವಾಗ ಸ್ಕಾಟ್ ಜೊತೆಯಲ್ಲೇ ಡೇರೆಯಲ್ಲಿ ಸತ್ತವರಲ್ಲಿ ಅವನೂ ಒಬ್ಬ.

ಕತೆ ಅಲ್ಲಿಗೆ ಮುಗಿಯುವುದಿಲ್ಲ. 1992ರಲ್ಲಿ ಪೀಟರ್ ಹಡ್ಸನ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ತೋರಿಸಿದರು. ನರಿ, ಗಿಡುಗಗಳ ಬಾಯಿಗೆ ಬಿದ್ದ ಗ್ರೌಸ್‌ಗಳಲ್ಲಿ ಹುಳುವಿನ ಹೊರೆ ಹೆಚ್ಚಿರುತ್ತದೆ. ಹುಳು ಹೆಚ್ಚಾದ ಹಕ್ಕಿಯ ವಾಸನೆ ಮೂಗಿಗೆ ಬೇಗ ಬಡಿಯುತ್ತದೆ. ಅಂದರೆ ಪುಕ್ಕದ ಮೇಲೆ ನಿಜವಾಗಿಯೂ ನರಿಯ ಹಲ್ಲಿನ ಗುರುತಿದೆ, ಚರ್ಮದ ಕೆಳಗೆ ರಕ್ತ ಕಪ್ಪಾಗಿದೆ, ಕೊಂದದ್ದು ನರಿಯೇ. ಆದರೂ ಅದನ್ನು ನರಿಯ ಬಾಯಿಯವರೆಗೆ ತಂದದ್ದು ಹುಳು. ಇದನ್ನು ಓದಿದಾಗ ನಮ್ಮ ಮುದುಕನಿಗೂ ಇದನ್ನು ಹೇಳಬೇಕಿತ್ತು ಅನ್ನಿಸಿತು. ಅವನು ನಗುತ್ತಿದ್ದನೇನೋ, ಗೊತ್ತಿದ್ದ ವಿಷಯ ಅಂತ.

ಅಮೆರಿಕದಲ್ಲಿ ಹರ್ಬರ್ಟ್ ಸ್ಟೊಡರ್ಡ್ ಬಾಬ್‌ವೈಟ್ ಅನ್ನುವ ಲಾವುಗೆಯ ಬಗ್ಗೆ 1931ರಲ್ಲಿ ದಪ್ಪ ಪುಸ್ತಕ ಬರೆದ. ಅಲ್ಲಿ ಲಾವುಗೆಯ ಶತ್ರು ಅಂತ ಗುಂಡು ಹೊಡೆಸಿಕೊಳ್ಳುತ್ತಿದ್ದದ್ದು ಹ್ಯಾರಿಯರ್ ಅನ್ನುವ, ಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುವ ಗಿಡುಗ. ನಮ್ಮ ಎರೆ ಹೊಲಗಳಿಗೂ ಅದರ ದಾಯಾದಿಗಳು ಚಳಿಗಾಲಕ್ಕೆ ಬರುತ್ತವೆ. ಸ್ಟೊಡರ್ಡ್ ಅವು ಉಗುಳಿದ ಉಂಡೆಗಳನ್ನು ಬಿಡಿಸಿ ನೋಡಿಸಿದ. ಸಾವಿರಕ್ಕೂ ಹೆಚ್ಚು ಉಂಡೆಗಳಲ್ಲಿ ಲಾವುಗೆ ಸಿಕ್ಕಿದ್ದು ಬರೀ ನಾಲ್ಕರಲ್ಲಿ. ಉಳಿದ ಬಹುಪಾಲಿನಲ್ಲಿದ್ದದ್ದು ಇಲಿ. ಅವೇ ಇಲಿಗಳು ಲಾವುಗೆಯ ಮೊಟ್ಟೆ ತಿನ್ನುವಂಥವು. ಅಷ್ಟು ವರ್ಷ ಗುಂಡು ಹೊಡೆದದ್ದು ಕಾವಲುಗಾರನಿಗೆ!

ಗುಲಾಬಿ ಜೋಳಕ್ಕೂ ಹೊರಗಿನ ಸಾಕ್ಷಿ ಇದೆ. 1959-60ರ ಚಳಿಗಾಲದಲ್ಲಿ ಇಂಗ್ಲೆಂಡಿನಲ್ಲಿ ನರಿಗಳು ಹಾಡಹಗಲೇ ಕುರುಡಾದಂತೆ ಅಲೆದು ಬಿದ್ದು ಸತ್ತವು, ಸುಮಾರು 1,300. ಹೊಸ ರೋಗವೇನೋ ಅಂತ ಗಾಬರಿಯಾದರು. ಕಡೆಗೆ ಗೊತ್ತಾದದ್ದು ಇಷ್ಟು: ಕೀಟನಾಶಕ ಹಚ್ಚಿದ ಬಿತ್ತನೆ ಬೀಜ ತಿಂದು ಪಾರಿವಾಳಗಳು ಸತ್ತಿದ್ದವು, ಆ ಪಾರಿವಾಳಗಳನ್ನು ನರಿ ತಿಂದಿದ್ದವು. ಸ್ವೀಡನ್ನಿನಲ್ಲಿ ಪಾದರಸದ ಔಷಧಿ ಹಚ್ಚಿದ ಬೀಜ ಹೀಗೇ ಹಕ್ಕಿಗಳನ್ನೂ ಅವನ್ನು ತಿಂದ ಗಿಡುಗಗಳನ್ನೂ ಕೊಂದು, 1966ರಲ್ಲಿ ಆ ಔಷಧಿಗೆ ನಿಷೇಧ ಬಂತು. ನಮ್ಮ ಬೀಜಕ್ಕೆ ಹಚ್ಚಿದ್ದು ಯಾವ ಡಬ್ಬಿಯದು ಅಂತ ಈಗ ಹೇಳುವವರು ಯಾರೂ ಉಳಿದಿಲ್ಲ. ಮುತ್ಯಾ ಆ ಡಬ್ಬಿ ತೊಳೆದು ಎಣ್ಣೆ ಹಾಕಿಡಲು ಇಟ್ಟುಕೊಂಡಿದ್ದ. ನೆನೆಸಿಕೊಂಡರೆ ಈಗ ಮೈ ಜುಂ ಅನ್ನುತ್ತದೆ.

ಇದೆಲ್ಲ ಹಳೇ ಕತೆ ಅನ್ನಬೇಡಿ. ಎರೆಭೂತವನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ಇಂಗ್ಲಿಷ್ ದೊರೆಗಳ ಮೆಚ್ಚಿನ ಶಿಕಾರಿ. ಕರ್ನಾಟಕದಲ್ಲಿ ಈಗ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಮಾತ್ರ. ರಾಜಸ್ಥಾನದಲ್ಲಿ ಸತ್ತ ಎರೆಭೂತದ ಸುತ್ತ ನಾಯಿ ಇದ್ದರೆ ನಾಯಿಯೇ ಕೊಂದಿತು ಅಂತ ಯಾರಿಗಾದರೂ ಅನ್ನಿಸುತ್ತದೆ. ನಾಯಿ ಕೊಲ್ಲುವುದೂ ಉಂಟು, ಅದು ಸುಳ್ಳಲ್ಲ. ಆದರೆ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಯವರು ವಿದ್ಯುತ್ ತಂತಿಗಳ ಕೆಳಗೆ ನಡೆದು ನೋಡಿದರು. ಥಾರ್‌ನ ಸುಮಾರು 4,200 ಚದರ ಕಿಲೋಮೀಟರಿನಲ್ಲಿ ತಂತಿಗೆ ಬಡಿದು ವರ್ಷಕ್ಕೆ ಹತ್ತಿರ ಹತ್ತಿರ 84,000 ಹಕ್ಕಿಗಳು ಸಾಯುತ್ತವೆ ಅಂತ ಅವರ ಅಂದಾಜು. ಎರೆಭೂತಕ್ಕೆ ಕಣ್ಣು ಪಕ್ಕಕ್ಕೆ, ಎದುರಿನ ತಂತಿ ಕಾಣುವುದಿಲ್ಲ, ಮೈ ಭಾರ, ತಟ್ಟನೆ ಹೊರಳಲಾಗುವುದಿಲ್ಲ. ಬಿದ್ದ ಹಕ್ಕಿಯನ್ನು ರಾತ್ರಿ ನಾಯಿ, ನರಿ ಎಳೆದಾಡಿ ಬಿಟ್ಟರೆ ಬೆಳಿಗ್ಗೆ ಉಳಿಯುವುದು ಹಲ್ಲಿನ ಗುರುತು ಮಾತ್ರ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಏಪ್ರಿಲ್‌ನಲ್ಲಿ ತಂತಿಗಳನ್ನು ನೆಲದೊಳಕ್ಕೆ ಹಾಕಿ ಅಂತ ಆದೇಶ, 2024ರ ಮಾರ್ಚಿನಲ್ಲಿ ಆ ಆದೇಶದ ಸಡಿಲಿಕೆ. ಈಗ ಗಾಯದ ಮೇಲಿನ ಜೊಲ್ಲು ಒರೆಸಿ ಡಿಎನ್‌ಎ ತೆಗೆದು ಯಾವ ಪ್ರಾಣಿ ಅಂತ ಹೇಳುವ ಕಾಲ. ಒಳ್ಳೆಯದೇ. ಆದರೆ ಆ ಪರೀಕ್ಷೆಯೂ ಬಾಯಿ ಯಾರದ್ದು ಅಂತ ಹೇಳುತ್ತದೆ, ತಂತಿಗೆ ಜೊಲ್ಲಿರುವುದಿಲ್ಲವಲ್ಲ.

ಮತ್ತೆ ನಮ್ಮ ಬದುವಿಗೆ. ಪುಕ್ಕ ಉಂಗುರದ ಹಾಗಿರಲಿಲ್ಲ, ಎಳೆದಾಡಿದ ಹಾಗೆ ಐದಾರು ಮಾರು ಚೆಲ್ಲಿದ್ದವು. ದಂಟುಗಳು ನಡುವೆ ತುಂಡಾಗಿದ್ದವು, ಎರಡು ಕಡೆ ಗಂಟಾಗಿ ಅಂಟಿಕೊಂಡಿದ್ದವು. ತಮ್ಮ ಹೇಳಿದ್ದು ಸರಿಯೇ, ಬೆಕ್ಕೋ ನಾಯಿಯೋ, ಹಲ್ಲಿನ ಕೆಲಸ. ಇಡಿಯಾಗಿದ್ದ ಒಂದೆರಡು ಗರಿಗಳ ಬುಡ ನೋಡಿದೆ. ಒಂದರಲ್ಲಿ ಏನೂ ಇರಲಿಲ್ಲ. ಇನ್ನೊಂದರಲ್ಲಿ ಚೂರು ಅಂಟಿತ್ತು, ಮಣ್ಣೋ ಮಾಂಸವೋ ಇಬ್ಬನಿಯಲ್ಲಿ ಗೊತ್ತಾಗಲಿಲ್ಲ. ತಲೆ ಎತ್ತಿದರೆ ಪಂಪ್‌ಸೆಟ್ಟಿನ ಕರೆಂಟ್ ತಂತಿ ಸರಿಯಾಗಿ ನನ್ನ ನೆತ್ತಿಯ ಮೇಲೆ ಹಾದುಹೋಗಿತ್ತು. ಆಚೆ ಹೊಲದಲ್ಲಿ ಯಾರೋ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಔಷಧಿ ಹೊಡೆಯುತ್ತಿದ್ದರು.

"ಏನ ಹುಡಕಾಕತ್ತೀಪಾ ಅಣ್ಣಾ ಅಷ್ಟೊತ್ತಿಂದ? ಬೆಕ್ಕ ಅಂತ ಹೇಳಿದ್ನೆಲ್ಲಾ" ಅಂದ ತಮ್ಮ. ಗಡಿಗೆ ಒಡೆದ ರಾತ್ರಿ ಅವನಿನ್ನೂ ತೊಟ್ಟಿಲಲ್ಲಿದ್ದ. ಅಲ್ಲೇ ಬದುವಿನ ಮೇಲೆ ಕೂರಿಸಿಕೊಂಡು ಮೊದಲಿನಿಂದ ಎಲ್ಲ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದವನು, ಆ ಬಿಡಾರದವರು ಮತ್ತೆ ನಮ್ಮೂರ ಕಡೆ ಬಂದಿದ್ದರಾ ಅಂತ ಕೇಳಿದ.

ಬಂದಿರಲಿಲ್ಲ.